ಕೆಂಪು ಸಾಲಿನ ಅಳತೆ

ಒಬ್ಬ ಮನುಷ್ಯನಿಗೆ ಪರ್ಮನೆಂಟ್ ಆಗ್ಬೇಕಿದ್ದ ಕೆಲಸ ನನ್ನಿಂದಾಗಿ ಹೋಯ್ತು. ಇದನ್ನ ಬರೆದು ಮನಸ್ಸು ಹಗುರ ಮಾಡ್ಕೋಬೇಕು ಅಂತೇನೂ ನನಗಿಲ್ಲ. ಹಗುರ ಆಗೋಕೆ ನನಗೆ ಯಾವ ಹಕ್ಕಿದೆ ಹೇಳಿ? ಆಗಿದ್ದನ್ನ ಆದ ಹಾಗೆ ಹೇಳ್ತೀನಿ, ಬೈಯೋರು ಬೈಕೊಳ್ಳಿ.

ಪೀಣ್ಯದಲ್ಲಿ ಗೇರ್‌ಗಳನ್ನ ಫರ್ನೇಸಿನಲ್ಲಿ ಕಾಯಿಸಿ ಗಟ್ಟಿ ಮಾಡಿ ಕೊಡೋ ಒಂದು ಕಾರ್ಖಾನೆ. ಅಲ್ಲಿ ನಾನು ಬಹಳ ವರ್ಷ 'ಎಂಟ್ರಿ ಮೇಡಂ' ಆಗಿದ್ದೆ. ಆಪರೇಟರ್‌ಗಳು ಚೀಟಿ ಮೇಲೆ ಗೀಚಿದ ಟೆಂಪರೇಚರನ್ನ ಕಂಪ್ಯೂಟರಿಗೆ ಏರಿಸೋದು, ಅಷ್ಟೇ ಕೆಲಸ. ಆಮೇಲೆ ಫರ್ನೇಸುಗಳಿಂದ ವರದಿ ತಾನಾಗೇ ಕಂಪ್ಯೂಟರಿಗೆ ಬರೋ ಹಾಗೆ ಮಾಡಿದ್ರು. ಎಂಟ್ರಿ ಮೇಡಂ ಕತೆ ಮುಗೀತು ಅಂತ ಕ್ಯಾಂಟೀನಿನಲ್ಲಿ ನನ್ನೆದುರಿಗೇ ನಗ್ತಿದ್ರು. ಮೈಯೆಲ್ಲ ಉರಿದುಹೋಗ್ತಿತ್ತು. ಹಠಕ್ಕೆ ಬಿದ್ದೆ. ರಾಜಗೋಪಾಲನಗರದ ನಮ್ಮ ಮನೇಲಿ ಅಡುಗೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಒಂದು ಕಡೆ ಬೇಳೆ ಬೇಯ್ತಿರೋವಾಗ ಇನ್ನೊಂದು ಕಡೆ ಕಮಾಂಡ್ ಲೈನ್ ಕಲಿತೆ. ಮೌಸ್ ಇಲ್ಲ, ಚಿತ್ರ ಇಲ್ಲ, ಕಪ್ಪು ಪರದೆ ಮೇಲೆ ಟೈಪ್ ಮಾಡಿದ್ದೇ ಆಜ್ಞೆ. ಒಂದು ವರ್ಷದಲ್ಲಿ, ಫರ್ನೇಸುಗಳ ವರದಿ ಸಾಲುಸಾಲಾಗಿ ಬರೋ ಕಂಟ್ರೋಲ್ ಕ್ಯಾಬಿನ್ನಿನ ಸ್ಕ್ರೀನ್ ನನ್ನ ಜವಾಬ್ದಾರಿಗೆ ಬಂತು. ನಗ್ತಿದ್ದವರೇ ಈಗ 'ಮೇಡಂ, ಸ್ವಲ್ಪ ನೋಡ್ತೀರಾ' ಅಂತ ಬಾಗಿಲಲ್ಲಿ ನಿಲ್ತಿದ್ರು. ನನಗೆ ಕೊಂಬು ಬಂತು, ಸುಳ್ಳು ಯಾಕೆ ಹೇಳ್ಲಿ.

ಆ ಸ್ಕ್ರೀನ್ ನೋಡೋ ಆಪರೇಟರ್‌ಗಳಲ್ಲಿ ಬಾಗಲಕೋಟೆ ಕಡೆಯವನೊಬ್ಬ ಇದ್ದ. ಒಂಬತ್ತು ವರ್ಷದಿಂದ ಕಾಂಟ್ರಾಕ್ಟ್ ಮೇಲೇ ಇದ್ದ. ನಮ್ಮ ಏರಿಯಾದಲ್ಲೇ ಒಂದು ರೂಮಿನಲ್ಲಿ ನಾಲ್ಕು ಜನ ಗಂಡಸರ ಜೊತೆ ವಾಸ, ಹೆಂಡತಿ ಮಗಳು ಊರಲ್ಲಿ. ಆ ವರ್ಷ ಪರ್ಮನೆಂಟ್ ಮಾಡೋ ಪಟ್ಟಿಯಲ್ಲಿ ಅವನ ಹೆಸರು ಮೊದಲನೇದು. ತಿಂಗಳ ಕೊನೆಗೆ ಆರ್ಡರ್ ಬರೋದಿತ್ತು. "ಆರ್ಡರ್ ಕೈಯಾಗ ಬಿದ್ದ ದಿನಾನ ಊರಿಗೆ ಹೋಗಿ ಇಬ್ಬರನ್ನೂ ಕರಕೊಂಡ ಬರ್ತೀನ್ರಿ ಮೇಡಂ. ಮಗಳಿಗೆ ನನ್ನ ಗುರುತು ಸೈತ ಸರಿಯಾಗಿ ಸಿಗೂದಿಲ್ರಿ," ಅಂತ ನನ್ನ ಹತ್ರ ಎಷ್ಟು ಸಲ ಹೇಳಿದ್ನೋ. ನಾನು ಕೀಬೋರ್ಡಿನಿಂದ ತಲೆ ಎತ್ತದೆ ಹೂಂ ಅಂತಿದ್ದೆ.

ಅವನನ್ನ ಕಂಡ್ರೆ ನನಗೆ ಆಗ್ತಿರ್ಲಿಲ್ಲ. ಕಾರಣ ಏನು ದೊಡ್ಡದಲ್ಲ. ಬೇರೆಯವರು ಸ್ಕ್ರೀನಿನ ಸಾಲುಗಳ ಬಣ್ಣ ಮಾತ್ರ ನೋಡ್ತಿದ್ರು, ಬಿಳಿ ಇದ್ರೆ ಟೀಗೆ ಹೋಗ್ತಿದ್ರು, ಕೆಂಪು ಬಂದ್ರೆ ಸೂಪರ್‌ವೈಸರನ್ನ ಕೂಗ್ತಿದ್ರು. ಇವನು ಪ್ರತಿ ಸಾಲನ್ನೂ ತುಟಿ ಅಲ್ಲಾಡಿಸ್ತಾ ಕೊನೇವರೆಗೆ ಓದೋನು. ಓದಿ ತಪ್ಪು ಹುಡುಕೋನು. 'ಮೇಡಂ, ಇಲ್ಲಿ ಟೈಮ್ ಎರಡು ಸಲ ಬಂದೈತ್ರಿ.' 'ಮೇಡಂ, ಇದು ನಿನ್ನಿ ಸಾಲೈತ್ರಿ.' ನಾನು ಕಷ್ಟಪಟ್ಟು ಕಲಿತದ್ದಕ್ಕೆ ಈ ಮನುಷ್ಯ ಮೇಷ್ಟ್ರಾಗಿ ಬಂದ ಹಾಗಿತ್ತು.

ಹೀಗಿರೋವಾಗ ಒಬ್ಬ ದೊಡ್ಡ ಗಿರಾಕಿಯ ಕಡೆಯವರು ತಪಾಸಣೆಗೆ ಬರ್ತಾರೆ ಅಂತಾಯ್ತು. ಮ್ಯಾನೇಜರ್ ಕ್ಯಾಬಿನ್ನಿಗೆ ಬಂದು ಸ್ಕ್ರೀನ್ ನೋಡಿ ಮುಖ ಸಿಂಡರಿಸಿದ್ರು. ಸಾಲುಗಳು ಉದ್ದ, ಪರದೆಯ ಅಗಲ ಕಮ್ಮಿ. ಅಂಚಿಗೆ ತಾಗಿದ ಸಾಲು ಮಡಿಸಿಕೊಂಡು ಕೆಳಗೆ ಬರ್ತಿತ್ತು, ಪದದ ಅರ್ಧ ಮೇಲೆ ಅರ್ಧ ಕೆಳಗೆ. "ಏನ್ರೀ ಇದು, ಸಂತೆ? ಒಂದು ವಿಷಯಕ್ಕೆ ಒಂದೇ ಸಾಲು ಇರ್ಬೇಕು. ನೀಟಾಗಿ ಮಾಡಿ," ಅಂದ್ರು.

ಇಂಥದಕ್ಕೆ ಅಂತಾನೇ ಟೂಲ್ ಅನ್ನೋ ಸಣ್ಣ ಸಣ್ಣ ಪ್ರೋಗ್ರಾಮುಗಳು ಸಿದ್ಧವಾಗಿ ಸಿಗ್ತಾವೆ. ಬಣ್ಣದ ಸಾಲನ್ನ ಪದ ಮುರೀದ ಹಾಗೆ ಮಡಿಸೋ ಟೂಲ್ ಒಂದು, ಅಂಚಿಗೆ ಸರಿಯಾಗಿ ಕತ್ತರಿಸೋ ಟೂಲ್ ಇನ್ನೊಂದು. ತಂದು ಹಾಕಿದ್ರೆ ಮುಗೀತಿತ್ತು. ಆದ್ರೆ ಹಾಗೆ ಮಾಡಿದ್ರೆ ನನ್ನ ಹೆಚ್ಚುಗಾರಿಕೆ ಏನು ಉಳೀತು? "ನಾನೇ ಬರೀತೀನಿ ಸಾರ್," ಅಂದ್ಬಿಟ್ಟೆ. ಎರಡು ದಿನದಲ್ಲಿ ಬರೆದೆ. ಸಾಲು ಬಂದ ತಕ್ಷಣ ಅಕ್ಷರ ಎಣಿಸಿ, ಪರದೆಯ ಅಗಲಕ್ಕಿಂತ ಹೆಚ್ಚಿದ್ದದ್ದನ್ನ ಕತ್ತರಿಸಿ ಬಿಸಾಕೋ ಟೂಲ್.

ಮೊದಲ ದಿನವೇ ಎಡವಟ್ಟಾಯ್ತು. ಕಪ್ಪು ಪರದೆಯಲ್ಲಿ ಬಣ್ಣ ಅನ್ನೋದು ಅಕ್ಷರಗಳ ಮಧ್ಯೆ ಸೇರ್ಕೊಂಡು ಬರೋ ಗುರುತು. 'ಇಲ್ಲಿಂದ ಕೆಂಪು' ಅಂತ ಒಂದು, 'ಇಲ್ಲಿಗೆ ಸಾಕು' ಅಂತ ಒಂದು. ಕಣ್ಣಿಗೆ ಕಾಣಲ್ಲ. ನನ್ನ ಟೂಲ್ 'ಸಾಕು' ಅನ್ನೋ ಗುರುತನ್ನೂ ಕತ್ತರಿಸಿ ಎಸೆದಿತ್ತು. ಒಂದು ಕೆಂಪು ಸಾಲು ಬಂತು ನೋಡಿ, ಅದರ ಕೆಳಗಿನ ಪರದೆಯೆಲ್ಲ ಕೆಂಪು. ಆಪರೇಟರ್‌ಗಳು ಎದ್ದು ಫರ್ನೇಸ್ ಕಡೆ ಓಡಿದ್ರು. ನಾನು ಐದು ನಿಮಿಷದಲ್ಲಿ ಸರಿ ಮಾಡಿದೆ, ಪ್ರತಿ ಸಾಲಿನ ಕೊನೆಗೆ ನಾನೇ ಒಂದು 'ಸಾಕು' ಅಂಟಿಸಿದೆ. ಚಪ್ಪಾಳೆ ಹೊಡೆದ್ರು ಕಣ್ರೀ ನನಗೆ! ತಪಾಸಣೆಯವರು ಬಂದು 'ಬಹಳ ನೀಟ್' ಅಂದ್ರು. ಮ್ಯಾನೇಜರ್ ಎಲ್ಲರ ಮುಂದೆ ನನ್ನ ಕೈ ಕುಲುಕಿದ್ರು. ಆ ವಾರ ನನಗೆ ಕಾಲು ನೆಲದ ಮೇಲಿರ್ಲಿಲ್ಲ.

ಮರು ವಾರ, ಶಿಫ್ಟ್ ಬದಲಾಗೋ ಹೊತ್ತು, ಕ್ಯಾಬಿನ್ ತುಂಬ ಜನ. ಬಾಗಲಕೋಟೆಯವನು ಬಂದು ಕೈಕಟ್ಟಿ ನಿಂತ.

"ಮೇಡಂ, ಬಿಳಿ ಸಾಲು ದಂಡಿ ತನಕ ಬರ್ತಾವ್ರಿ. ಕೆಂಪು ಸಾಲು ನಡುವ ನಿಂದರ್ತಾವ್ರಿ. ಏನೋ ಕಮ್ಮಿ ಬೀಳಾಕತ್ತೈತಿ."

"ಕೆಂಪು ಸಾಲಲ್ಲಿ ಮಾತು ಕಮ್ಮಿ ಇರುತ್ತೆ ರೀ, ಅದಕ್ಕೆ."

"ಇಲ್ರಿ, ಅಳದೀನ್ರಿ ನಾ."

ಅಳೆದಿದ್ದ! ನಮ್ಮಲ್ಲಿ ಶಾಪಲ್ಲಿ, ಅಂದ್ರೆ ಫರ್ನೇಸುಗಳಿರೋ ಶೆಡ್ಡಲ್ಲಿ, ಕೆಲಸ ಮಾಡೋ ಎಲ್ಲರ ಜೇಬಲ್ಲೂ ಆರಿಂಚಿನ ಸ್ಟೀಲ್ ಸ್ಕೇಲ್ ಇರುತ್ತೆ, ಗೇರಿಗೆ ಹಿಡಿಯೋಕೆ. ಇವನು ಅದನ್ನ ತೆಗೆದು ನನ್ನ ಸ್ಕ್ರೀನಿಗೆ ಹಿಡಿದಿದ್ದ. ಅಷ್ಟಲ್ಲದೆ ಜೇಬಿಂದ ಚೀಟಿ ತೆಗೆದು ತೋರಿಸಿದ. ಬಿಳಿ ಇಷ್ಟು ಸೆಂಟಿಮೀಟರ್, ಹಳದಿ ಇಷ್ಟು, ಕೆಂಪು ಇಷ್ಟು. ಕೆಂಪಿಗೆ ಹೆಚ್ಚುಕಮ್ಮಿ ಅರ್ಧ.

ಅವನು ಹೇಳಿದ್ದು ಪೂರ್ತಿ ಸರಿ. ಕಾಣದ ಆ ಗುರುತುಗಳನ್ನೂ ನನ್ನ ಟೂಲ್ ಅಕ್ಷರ ಅಂತ ಎಣಿಸ್ತಿತ್ತು. ಒಂದೊಂದು ಗುರುತೂ ಹತ್ತು ಹದಿನೈದು ಅಕ್ಷರದಷ್ಟು. ಕೆಂಪು ಸಾಲಿನಲ್ಲಿ ಪದಪದಕ್ಕೂ ಗುರುತು. ಎಷ್ಟು ದೊಡ್ಡ ಅಪಾಯವೋ ಅಷ್ಟು ಬಣ್ಣ, ಎಷ್ಟು ಬಣ್ಣವೋ ಅಷ್ಟು ಮಾತಿಗೆ ಕತ್ತರಿ. ಅವತ್ತೇ ನೋಡಿದ್ರೆ ಗೊತ್ತಾಗ್ತಿತ್ತು. ನಾನು ನೋಡ್ಲಿಲ್ಲ. ನನಗೆ ಕಂಡದ್ದು ಕ್ಯಾಬಿನ್ ತುಂಬ ನಿಂತಿದ್ದ ಜನ ಮಾತ್ರ.

"ಏನ್ ಗುರು, ಸರ್ವೆ ಇಲಾಖೆಯಿಂದ ಬಂದ್ರಾ? ಚೈನ್ ತಂದಿಲ್ವಾ, ಬರೀ ಸ್ಕೇಲಾ?" ಅಂದೆ. ಎಲ್ಲರೂ ಗೊಳ್ಳಂತ ನಕ್ಕರು. ನನಗೆ ಸಾಕಾಗ್ಲಿಲ್ಲ. ಆ ಚೀಟಿ ಇಸ್ಕೊಂಡು ಜೋರಾಗಿ ಓದಿದೆ, ಅವನ ಊರಿನ ರಾಗದಲ್ಲೇ. ಅವತ್ತಿಂದ ಅವನಿಗೆ 'ಸರ್ವೇಯರ್' ಅಂತ ಹೆಸರು ಬಿತ್ತು. ಕ್ಯಾಂಟೀನಿನಲ್ಲಿ ಅವನ ತಟ್ಟೆಗೆ ಸ್ಕೇಲ್ ಹಿಡಿದು 'ಅನ್ನ ಎಷ್ಟು ಸೆಂಟಿಮೀಟರ್ ಸಾಹೇಬ್ರೆ' ಅಂತ ಕೇಳೋರು. ಅವನು ತಲೆ ತಗ್ಗಿಸಿ ಉಣ್ತಿದ್ದ. ನನಗೆ ಖುಷಿ ಆಗ್ತಿತ್ತು. ಆಗ ನನ್ನನ್ನ ನೋಡಿ ನಗ್ತಿದ್ರು, ಈಗ ಬೇರೆಯವನ ಸರದಿ ಅಂತ ಹೊಟ್ಟೆ ತಣ್ಣಗಾಗಿತ್ತು.

ಹತ್ತು ದಿನ ಕಳೀತು. ಒಂದು ಮಧ್ಯಾಹ್ನ, ಊಟ ಆಗಿ ಸ್ವಲ್ಪ ಹೊತ್ತಿಗೆ ಮೂರನೇ ಫರ್ನೇಸಿನಿಂದ ಕೆಂಪು ಸಾಲು ಬಂತು. ಕ್ಯಾಬಿನ್ನಿನಲ್ಲಿದ್ದವನು ಅವನೊಬ್ಬನೇ. ಸಾಲು ಇಂಗ್ಲಿಷಿನಲ್ಲಿ ಬರ್ತಿತ್ತು, ಕನ್ನಡದಲ್ಲಿ ಹೇಳೋದಾದ್ರೆ ಪೂರ್ತಿ ಸಾಲು ಇಷ್ಟು: 'ಫರ್ನೇಸ್ ಮೂರು, ಟೆಂಪರೇಚರ್ ಮಿತಿ ಮೀರಿದೆ, ಸೆನ್ಸರ್ ತಂತಿ ಸಡಿಲ, ಈ ರೀಡಿಂಗ್ ನಂಬಬೇಡಿ, ಹೀಟರ್ ಆರಿಸಬೇಡಿ.' ಸ್ಕ್ರೀನ್ ಮೇಲೆ ಬಂದದ್ದು 'ಮಿತಿ ಮೀರಿದೆ' ತನಕ. ಮಿತಿ ಮೀರಿದ್ರೆ ಮೊದಲು ಹೀಟರ್ ಆರಿಸ್ಬೇಕು ಅನ್ನೋದು ಗೋಡೆ ಮೇಲೆ ಅಂಟಿಸಿರೋ ನಿಯಮ. ಅವನು ಓದಿದ, ಎದ್ದ, ಆರಿಸಿದ. ಒಳಗಿದ್ದ ಗೇರ್‌ಗಳಿಗೆ ಬೇಕಾದ ಕಾವು ಸಿಗದೆ ಪೂರ್ತಿ ಲೋಡ್ ಮೆತ್ತಗೇ ಉಳೀತು. ಎಲ್ಲವೂ ತಪಾಸಣೆಗೆ ಬಂದಿದ್ದ ಅದೇ ದೊಡ್ಡ ಗಿರಾಕಿಯ ಮಾಲು.

ಮಾರನೇ ದಿನ ಬೆಳಿಗ್ಗೆ ವಿಚಾರಣೆ. ಫರ್ನೇಸುಗಳ ವರದಿಯೆಲ್ಲ ದಾಖಲಾಗೋ ಲಾಗ್ ಫೈಲ್ ತಗೊಂಡು ಬನ್ನಿ ಅಂತ ನನಗೆ ಫೋನ್ ಬಂತು. ಹೋಗೋಕೆ ಮುಂಚೆ ನನ್ನ ಸೀಟಲ್ಲೇ ಕೂತು ಆ ಒಂದು ಸಾಲನ್ನ ನನ್ನ ಟೂಲಿಗೆ ಕೊಟ್ಟು ನೋಡಿದೆ. ಅರ್ಧಕ್ಕೆ ನಿಂತಿತು. ಅಯ್ಯೋ ದೇವರೇ, ಅವನು ಸರಿ ಹೇಳಿದ್ದ ಅಂತ ಗೊತ್ತಾಯ್ತು. ಗೊತ್ತಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ತಲೆ ಬಾಚ್ಕೊಂಡು, ಮ್ಯಾನೇಜರ್ ರೂಮಿಗೆ ಹೋದೆ.

ಅವನು ಗೋಡೆ ಪಕ್ಕ ನಿಂತಿದ್ದ. ಸೂಪರ್‌ವೈಸರ್‌ಗಳು ಕೂತಿದ್ರು. ಮ್ಯಾನೇಜರ್ ನನ್ನನ್ನ ಕೇಳಿದ್ರು, "ಲೈನ್ ಪೂರ್ತಿ ಇದೆಯಾ?"

ಫೈಲ್ ತೆರೆದೆ. ಫೈಲಲ್ಲಿ ಎಲ್ಲ ಇರುತ್ತೆ, ಕತ್ತರಿ ಬೀಳೋದು ಸ್ಕ್ರೀನಿಗೆ ಹೋಗೋ ದಾರಿಯಲ್ಲಿ. "ಪೂರ್ತಿ ಇದೆ ಸಾರ್," ಅಂದೆ.

"ಸ್ಕ್ರೀನಲ್ಲೂ ಇದೇ ಬರುತ್ತಾ?"

"ಈ ಫೈಲೇ ಸಾರ್ ಸ್ಕ್ರೀನಿಗೆ ಹೋಗೋದು."

ಮ್ಯಾನೇಜರ್ ಅವನ ಕಡೆ ತಿರುಗಿದ್ರು. "ಹೀಟರ್ ಆರಿಸಬೇಡಿ ಅಂತ ಬರೆದಿದೆ. ಓದೋಕೆ ಬರಲ್ವೇನಯ್ಯಾ?"

"ಬರತೈತ್ರಿ ಸರ. ಅಷ್ಟು ಇರ್ಲಿಲ್ರಿ ಸ್ಕ್ರೀನ್ ಮ್ಯಾಲ. ಮೇಡಂ, ಅಳದ ತೋರ್ಸಿದ್ನೆಲ್ರಿ ನಿಮಗ? ನೀವರ ಹೇಳ್ರಿ."

ಅವನಿಗೆ ಸಾಕ್ಷಿ ಅಂತ ಏನೂ ಇರ್ಲಿಲ್ಲ. ಶಾಪಿನೊಳಗೆ ಮೊಬೈಲ್ ಬಿಡಲ್ಲ, ಫೋಟೋ ಎಲ್ಲಿಂದ ಬರ್ಬೇಕು? ಅವನು ಅಳೆದದ್ದು ಉಳಿದವರಿಗೆಲ್ಲ ಬರೀ ತಮಾಷೆ, ಅದು ನಿಜ ಅಂತ ಗೊತ್ತಿದ್ದ ಒಬ್ಬಳೇ ಸಾಕ್ಷಿ ನಾನು. ಬಾಯಿ ಬಿಟ್ರೆ ನಾನು ಮತ್ತೆ ಎಂಟ್ರಿ ಮೇಡಂ. ಹೆದರಿಕೆ ಆಯ್ತು ನನಗೆ, ಆ ಹೆದರಿಕೇಲೂ ನಾಲಗೆ ಮಾತ್ರ ಚುರುಕಾಗೇ ಇತ್ತು.

"ಅವತ್ತು ನೀವು ಅಳೆದಿದ್ದು ನನ್ನ ತಾಳ್ಮೇನ ಕಣ್ರೀ," ಅಂದೆ.

ರೂಮಿಗೆ ರೂಮೇ ನಕ್ಕಿತು. ಮ್ಯಾನೇಜರ್ ಕೂಡ ಕನ್ನಡಕ ತೆಗೆದು ನಕ್ಕರು. ಆ ನಗು ನಿಲ್ಲೋದ್ರೊಳಗೆ ಅವನ ಹೆಸರು ಪಟ್ಟಿಯಿಂದ ಹೋಗಿತ್ತು. ಕಾಂಟ್ರಾಕ್ಟ್ ಕೂಡ ಆ ವಾರಕ್ಕೇ ಮುಗಿಸಿದ್ರು.

ಅವತ್ತು ಸಂಜೆ ಟೂಲ್ ಸರಿ ಮಾಡಿದೆ. ಎಣಿಸೋ ಮುಂಚೆ ಗುರುತುಗಳನ್ನ ಪಕ್ಕಕ್ಕಿಡು ಅಂತ ಎರಡೇ ಎರಡು ಸಾಲು ಸೇರಿಸಿದೆ. ಮುಗಿದಾಗ ಕಪ್ಪಿನಲ್ಲಿದ್ದ ಟೀ ಇನ್ನೂ ಬಿಸಿ ಇತ್ತು. ಯಾರಿಗೂ ಹೇಳ್ಲಿಲ್ಲ.

ಮೂರು ದಿನ ಬಿಟ್ಟು ಅವನು ಸೇಫ್ಟಿ ಶೂ, ಐಡಿ ಕಾರ್ಡ್ ಒಪ್ಪಿಸೋಕೆ ಬಂದ. ಕ್ಯಾಬಿನ್ ಬಾಗಿಲಲ್ಲಿ ಹವಾಯಿ ಚಪ್ಪಲಿ ಬಿಟ್ಟು ಒಳಗೆ ಬಂದ, ಎಲ್ಲರೂ ಶೂ ಹಾಕ್ಕೊಂಡೇ ಓಡಾಡೋ ಕ್ಯಾಬಿನ್ನಿಗೆ. ಸ್ಕ್ರೀನ್ ಮೇಲೆ ಒಂದು ಕೆಂಪು ಸಾಲು ಇತ್ತು, ಅಂಚಿನವರೆಗೆ. ಅವನು ತುಟಿ ಅಲ್ಲಾಡಿಸ್ತಾ ಕೊನೇವರೆಗೆ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ನನ್ನ ಕಡೆ ತಿರುಗಿದ, ಮುಖದಲ್ಲಿ ಸಿಟ್ಟಿರ್ಲಿಲ್ಲ, ಏನೋ ಆಸೆ ಇತ್ತು.

"ಈಗ ಪೂರಾ ಬರಾಕತ್ತೈತ್ರಿ ಮೇಡಂ. ಯಾವಾಗ ಸರಿ ಮಾಡಿದ್ರಿ? ಸಾಹೇಬ್ರಿಗೆ ಒಂದ ಮಾತ ಹೇಳ್ರೆಲಾ. ಆರ್ಡರ್ ಇನ್ನೂ ಹೊರಬಿದ್ದಿಲ್ಲಂತ್ರಿ."

ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ನಗೋಕೆ ಯಾರೂ ಇರ್ಲಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಬಾಯಿಂದ ಒಂದು ಮಾತು, ಅದಕ್ಕೆ ಹತ್ತು ಹೆಜ್ಜೆ ನಡೆದು ಮ್ಯಾನೇಜರ್ ರೂಮಿಗೆ ಹೋದ್ರೆ ಆಗ್ತಿತ್ತು.

"ಏನು ಸರಿ ಮಾಡೋದು? ಮೊದ್ಲಿಂದ್ಲೂ ಹಿಂಗೇ ಇರೋದು," ಅಂದೆ.

"ಹೌದನ್ರಿ?" ಅಂದ. ವ್ಯಂಗ್ಯವಾಗಿ ಅಲ್ಲ, ನಿಜವಾಗ್ಲೂ ಕೇಳಿದ. "ಮೊದಲಿಂದಾನೂ ಪೂರಾ ಇತ್ತನ್ರಿ?"

"ಹೂಂ. ನಿಮಗೇ ಕಂಡಿಲ್ಲ."

ಅವನು ಕಣ್ಣು ಉಜ್ಜಿಕೊಂಡು ಸ್ಕ್ರೀನನ್ನ ಇನ್ನೊಂದು ಸಲ ನೋಡಿದ. "ತಪ್ಪಾತ್ರಿ ಮೇಡಂ. ಸುಮ್ನ ನಿಮ್ಮ ಮ್ಯಾಲ ಹಾಕಿದೆ," ಅಂತ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಎರಡು ಮೂರು ತಿಂಗಳ ಮೇಲೆ, ನಮಗೆ ಆಳು ಕಳಿಸೋ ಲೇಬರ್ ಕಾಂಟ್ರಾಕ್ಟರ್ ಸಹಿಗೆ ಅಂತ ನನ್ನ ಟೇಬಲ್ ಹತ್ರ ಬಂದಿದ್ದ. ಸಹಿ ಹಾಕ್ತಾ ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಆ ಬಾಗಲಕೋಟೆಯವನು ಈಗೆಲ್ಲಿ ಅಂತ.

"ಅಯ್ಯೋ, ಅವನ ಕತೆ ಕೇಳ್ಬೇಡಿ ಮೇಡಂ. ಜಿಗಣೀಲಿ ಒಂದು ಕಂಪ್ನಿಗೆ ಫರ್ನೇಸಿಗೇ ಹಾಕ್ಸಿದ್ದೆ. ಅನುಭವ ನೋಡಿ ಅವರು ಡೈರೆಕ್ಟ್ ಪರ್ಮನೆಂಟ್ ತಗೋತೀವಿ ಅಂದ್ಬಿಟ್ರು. ಎಲ್ಲ ಓಕೆ ಆಗಿ ಪೇಪರಿಗೆ ಸಹಿ ಹಾಕೋ ಹೊತ್ತಿಗೆ ಇವನೇ ಬಾಯ್ಬಿಟ್ಟ. 'ನನಗ ಕೆಂಪು ಅಕ್ಷರ ಪೂರಾ ಕಾಣಂಗಿಲ್ರಿ, ಒಂದ್ಸಲ ದೊಡ್ಡ ತಪ್ಪಾಗೇತಿ, ಫರ್ನೇಸ್ ಒಂದು ಬಿಟ್ಟು ಬ್ಯಾರೆ ಏನಾರ ಕೊಡ್ರಿ' ಅಂತ. ಯಾರು ಕೊಡ್ತಾರೆ? ಈಗ ಅಲ್ಲೇ ಗೇಟ್ ಹತ್ರ ಲಾರಿಗೆ ಲೋಡಿಂಗ್ ಮಾಡ್ಕೊಂಡಿದ್ದಾನೆ."

"ಹೆಂಡ್ತಿ ಮಗಳು?"

"ಊರಲ್ಲೇ. ನಾನೇ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡೋದೆ ಮೇಡಂ, ಎರಡು ಕಡೆ. ಎರಡು ಕಡೇನೂ ಕಣ್ಣು ಚೆನ್ನಾಗಿದೆ, ಏನೂ ತೊಂದ್ರೆ ಇಲ್ಲ ಅಂದ್ರು. ಇವನು ಒಪ್ಪಲ್ಲ. ಡಾಕ್ಟ್ರಿಗೆ ಗೊತ್ತಾಗಿಲ್ಲ, ನಮ್ಮ ಮೇಡಂಗೆ ಗೊತ್ತೈತಿ ಅಂತಾನೆ."

ಕಾಂಟ್ರಾಕ್ಟರ್ ಹೊಟ್ಟೆ ಹಿಡ್ಕೊಂಡು ನಕ್ಕ. ನಾನೂ ನಕ್ಕೆ.