ಆಚೆ ಬದಿಯ ಕೈ

ಹಾಸಿಗೆಯಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾಗಿ ಬಂದಂದಿನಿಂದ ಅವಳು ಕೂತದ್ದು ಹತ್ತಿಯ ಮೇಲೆ. ಅದು ಸುಖದ ಮಾತಲ್ಲ. ಗಂಡನದು ಹಾಸಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಒಂದು ಪರದೆ. ಪರದೆ ಧೂಳನ್ನು ತಡೆಯುತ್ತಿರಲಿಲ್ಲ. ತಲೆಗೂದಲಲ್ಲಿ ಹತ್ತಿ, ಊಟದ ತಟ್ಟೆಯಲ್ಲಿ ಹತ್ತಿ. ಕೊನೆಗೆ ಗಂಡನ ಎದೆಯಲ್ಲೂ ಅದೇ ಕೂತಿತು.

ಹಾಸಿಗೆ ಹೊಲಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಹತ್ತಿ ತುಂಬಿ ಬಾಯಿ ಮುಚ್ಚಿದ ಮೇಲೆ ಅದನ್ನು ಎತ್ತಿ ನಿಲ್ಲಿಸಬೇಕು. ಈಚೆ ಒಬ್ಬರು, ಆಚೆ ಒಬ್ಬರು. ಈಚೆಯವರು ದಬ್ಬಳ ಚುಚ್ಚಿ ದೂಡಿದರೆ ಆಚೆಯವರು ಎಳೆದುಕೊಂಡು, ಒಂದು ಬೆರಳು ಪಕ್ಕದಲ್ಲಿ ತಿರುಗಿ ದೂಡಬೇಕು. ಆಗ ಗಂಟು ಹಾಕಿದರೆ ಹತ್ತಿ ಸರಿಯುವುದಿಲ್ಲ. ನಡುವೆ ಹಾಸಿಗೆ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು. ಅವನು "ಬಂತು" ಎನ್ನುವನು, ಅವಳು "ಹ್ಞೂಂ" ಎನ್ನುವಳು. ಸಂಸಾರದ ಮಾತನ್ನೆಲ್ಲ ಅವರು ಆಡಿದ್ದು ಹಾಗೆ. ಜಗಳವನ್ನೂ.

"ಅದಕ್ಕೇ ಇವರಿಬ್ರೂ ಇಷ್ಟು ಕಾಲ ಬಾಳಿದ್ದು. ಮುಖ ನೋಡಿದ್ರೆ ತಾನೆ ಸಿಟ್ಟು ಬರೋದು" ಎಂದು ನಾದಿನಿ ನಗುತ್ತಿದ್ದಳು. ಗಂಡನ ಒಬ್ಬಳೇ ತಂಗಿ, ಅದೇ ಬೀದಿಯವಳು. ಬಾಯಿ ಜೋರು, ಕರುಳು ಮೆತ್ತಗೆ.

ಭಾನುವಾರ ಅಂಗಡಿಗೆ ಬೀಗ. ಚರ್ಚಿನಲ್ಲಿ ಎಡಗಡೆ ಕಿಟಕಿಯ ಪಕ್ಕದ ಬೆಂಚು ಅವರದು. ಆ ಸಭೆಯಲ್ಲಿ ಪಾದ್ರಿ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ಜನರ ಪ್ರಾರ್ಥನೆ. ಅಯ್ಯನವರು "ರೋಗದಲ್ಲಿರುವವರಿಗಾಗಿ" ಎಂದು ಹೇಳಿ ನಿಲ್ಲಿಸುತ್ತಾರೆ. ಕೂತಲ್ಲಿಂದಲೇ ಯಾರು ಬೇಕಾದರೂ ಹೇಳಬಹುದು: ನಮ್ಮತ್ತೆ, ನನ್ನ ಮಗಳು, ಪಕ್ಕದ ಮನೆ ಮಗು. ಪ್ರತಿಯೊಬ್ಬರು ಹೇಳಿದ ಮೇಲೂ ಸಭೆಯೆಲ್ಲ ಒಂದೇ ದನಿಯಲ್ಲಿ "ಕರ್ತನೇ, ನಮ್ಮ ಮೊರೆ ಕೇಳು" ಎನ್ನುತ್ತದೆ. ಹೆಸರು ಹೇಳುವ ರೂಢಿಯಿಲ್ಲ. "ದೇವರಿಗೇ ಪರಿಚಯ ಮಾಡಿಸ್ತೀರಾ?" ಎಂದು ಹಿಂದಿನ ಕಾಲದಲ್ಲಿ ಯಾರೋ ಗದರಿದ್ದರಂತೆ. ಅಂದಿನಿಂದ ಹಾಗೆ.

ಊರಿಗೆಲ್ಲ ಹಾಸಿಗೆ ಹೊಲಿದವನು ತಾನೇ ಹಾಸಿಗೆ ಹಿಡಿದ. ಮಳೆಗಾಲ ಕಳೆದು ಚಳಿ ಬಂದು ಹೋಗುವವರೆಗೂ ಅವಳು ಭಾನುವಾರ ಹೇಳಿದ್ದು ಒಂದೇ ಮಾತು: "ನಮ್ಮನೆಯವರು." ಸಭೆ ಹೇಳಿದ್ದೂ ಒಂದೇ ಮಾತು.

ಅವನನ್ನು ಮಣ್ಣು ಮಾಡಿದ್ದು ಗುರುವಾರ. ಭಾನುವಾರ ಅವಳು ಅದೇ ಬೆಂಚಿನಲ್ಲಿ ಕೂತಳು. ಅವನ ಜಾಗದಲ್ಲಿ ನಾದಿನಿ ಕೂತಿದ್ದಳು. ಅಯ್ಯನವರು "ರೋಗದಲ್ಲಿರುವವರಿಗಾಗಿ" ಎಂದು ನಿಲ್ಲಿಸಿದರು. ಅವಳ ಬಾಯಿ ತಾನಾಗಿ ತೆರೆಯಿತು.

"ನಮ್ಮನೆಯವರು."

ಸಭೆಗೂ ಅಭ್ಯಾಸ. "ಕರ್ತನೇ, ನಮ್ಮ" ಎನ್ನುವಷ್ಟರಲ್ಲಿ ಅರ್ಧ ಜನಕ್ಕೆ ಅರಿವಾಯಿತು. ದನಿ ನಡುವೆಯೇ ಕುಸಿಯಿತು. ಯಾರೋ ಕೆಮ್ಮಿದರು. ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಹೊರಗೆ ಮೆಟ್ಟಿಲ ಮೇಲೆ ಗಂಟೆಯಜ್ಜ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ಚರ್ಚಿನ ಗಂಟೆ ಹೊಡೆಯುವವರು, ಸಭೆಯ ಹಿರಿಯರು.

"ತೀರಿಕೊಂಡವರಿಗಾಗಿ ಕೇಳೋ ಪದ್ಧತಿ ನಮ್ಮಲ್ಲಿ ಇಲ್ಲಮ್ಮ" ಎಂದರು. "ಅವನು ಸೇರೋ ಕಡೆ ಸೇರಿದ. ಇನ್ನು ಅವನಿಗೆ ನಮ್ಮ ಹಂಗಿಲ್ಲ."

"ಅಜ್ಜಾ, ಗಂಟೆನಾದ್ರೂ ಹಗ್ಗ ಬಿಟ್ರೆ ನಿಲ್ಲುತ್ತೆ" ಎಂದಳು ನಾದಿನಿ. "ನಡೀರಿ ಅತ್ತಿಗೆ."

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಮನೆಯಲ್ಲೇ ಪ್ರಾರ್ಥಿಸೋಣವೆಂದು ಕಣ್ಣು ಮುಚ್ಚಿದಳು. "ಕರ್ತನೇ" ಎಂದಳು. ಮುಂದೆ ಏನೂ ಬರಲಿಲ್ಲ. ಬದುಕಿಸು ಎಂದು ಕೇಳಿದ್ದಳು, ಬದುಕಲಿಲ್ಲ. ಇನ್ನೇನು ಕೇಳಬೇಕೋ ತಿಳಿಯದು. ಹೀಗೇ ಬಿಟ್ಟರೆ ದೇವರ ಹತ್ತಿರ ಬಾಯಿ ಪೂರ್ತಿ ಕಟ್ಟಿಹೋಗುತ್ತದೆ ಎಂದು ಹೆದರಿಕೆಯಾಯಿತು. ಗಂಡ ಹೋದ, ಇದೂ ಹೋದರೆ ಉಳಿಯುವುದೇನು?

ಒಂದು ಮಧ್ಯಾಹ್ನ ಅಯ್ಯನವರು ಅಂಗಡಿಗೆ ಬಂದರು. ಅವಳಿಗಿಂತ ಚಿಕ್ಕವರು. ಅವಳು ಒಬ್ಬಳೇ ಹಾಸಿಗೆ ನಿಲ್ಲಿಸಿಕೊಂಡು, ಈಚೆಯಿಂದ ಚುಚ್ಚಿ, ಆಚೆಗೆ ಸುತ್ತಿ ಹೋಗಿ, ಎಳೆದು, ತಿರುಗಿ ಬರುತ್ತಿದ್ದಳು. ಬರುವಷ್ಟರಲ್ಲಿ ದಾರ ಸಡಿಲವಾಗುತ್ತಿತ್ತು.

"ಕೂತ್ಕೊಳ್ಳಿ ಅನ್ನೋಕೆ ಜಾಗ ಇಲ್ಲ ಅಯ್ಯನವರೇ. ಆಚೆ ಬದಿಗೆ ಹೋಗಿ. ದಬ್ಬಳ ಬಂದ್ರೆ ಎಳೀರಿ."

"ನಂಗೆ ಬರಲ್ಲಮ್ಮ."

"ಪ್ರಸಂಗ ಮಾಡೋಕೆ ಬರುತ್ತಲ್ಲ. ಇದು ಅಷ್ಟು ಉದ್ದ ಇಲ್ಲ."

ಅವರು ಅಂಗಿಯ ತೋಳು ಮಡಚಿ ಆಚೆ ಹೋದರು. ಅವಳು ದೂಡಿದಳು.

"ಅಯ್ಯೋ."

"ಬಂತು ಅನ್ಬೇಕು. ಬೆರಳು ಅಡ್ಡ ಇಟ್ರೆ ಅಯ್ಯೋ ಅಂತಾನೇ ಬರೋದು."

ನಾಲ್ಕಾರು ಗಂಟು ಬಿದ್ದ ಮೇಲೆ ಹಾಸಿಗೆಯ ಆಚೆಯಿಂದ ಮಾತು ಬಂತು. "ಬರೋದೇ ಬಿಟ್ಟುಬಿಟ್ರಲ್ಲಮ್ಮ."

"ಬಂದು ಏನ್ ಮಾಡ್ಲಿ? ನನ್ನ ಹತ್ರ ಇದ್ದದ್ದು ಅದೊಂದೇ ಮಾತು. ಈಗ ಅದನ್ನ ಹೇಳೋ ಹಾಗಿಲ್ಲ."

"ಮನೇಲಿ?"

"ಕರ್ತನೇ ಅಂತೀನಿ. ಅಲ್ಲಿಗೇ ನಿಲ್ಲುತ್ತೆ. ದೇವರು ಕೇಳಿಸ್ಕೊಳ್ತಾನೆ ಅಂತ ನೀವು ಹೇಳ್ಬೇಡಿ. ಅದು ಗೊತ್ತು ನಂಗೆ."

"ಹೇಳಲ್ಲ." ಅವರು ದಾರ ಎಳೆದರು. "ನಮ್ಮಮ್ಮ ತೀರಿಕೊಂಡ ವಾರ ನಾನು ಆರಾಧನೆ ನಡೆಸೋಕೆ ನಿಂತೆ. ಮಾತೇ ಹೊರಡಲಿಲ್ಲ. ನೆನಪಿದ್ಯಾ? ನಿಮ್ಮನೆಯವರು ಕೂತಲ್ಲಿಂದಲೇ ಕರ್ತನ ಪ್ರಾರ್ಥನೆ ಶುರು ಮಾಡಿದ್ರು. ಎಲ್ಲರೂ ದನಿಗೂಡಿಸಿದ್ರು. ನಾನು ಕಂಬದ ಹಾಗೆ ನಿಂತಿದ್ದೆ. ಅವತ್ತು ನನ್ನ ಪ್ರಾರ್ಥನೆ ಆಗಲಿಲ್ವಾ?"

ಅವಳು ಗಂಟು ಬಿಗಿದಳು.

"ಆಯ್ತು" ಎಂದಳು.

"ಮತ್ತೆ ನೀವೂ ಬಂದು ಸುಮ್ನೆ ಕೂತ್ಕೊಳ್ಳಿ. ಹೇಳೋರು ಹೇಳ್ತಾರೆ."

ಅವಳು ದಬ್ಬಳ ದೂಡಿದಳು.

"ಬಂತು" ಎಂದರು ಅಯ್ಯನವರು.

ಆ ಭಾನುವಾರ ಅವಳು ಹೋದಳು. ಗಂಟೆ ಅಂದು ತಡವಾಗಿ ಹೊಡೆಯಿತು. ಗಂಟೆಯಜ್ಜ ಕುಂಟುತ್ತ, ಬೆಂಚು ಬೆಂಚು ಹಿಡಿದುಕೊಂಡು ಹಿಂದಿನ ಸಾಲಿಗೆ ಹೋಗಿ ಕೂತದ್ದನ್ನು ಅವಳು ನೋಡಿದಳು.

"ರೋಗದಲ್ಲಿರುವವರಿಗಾಗಿ" ಎಂದು ಅಯ್ಯನವರು ನಿಲ್ಲಿಸಿದಾಗ ಅವಳು ತುಟಿ ಕಚ್ಚಿಕೊಂಡಳು. ಅವರಿವರು ಹೇಳಿದರು, ಸಭೆ ಮೊರೆಯಿಟ್ಟಿತು, ಅದು ದಾಟಿತು. ಆಮೇಲೆ "ದುಃಖದಲ್ಲಿರುವವರಿಗಾಗಿ" ಎಂದರು. ಹಿಂದಿನ ಸಾಲಿನಿಂದ ಒಡಕು ದನಿಯೊಂದು ಬಂತು.

"ನಮ್ಮ ಹಾಸಿಗೆಯಮ್ಮ."

ಗಂಟೆಯಜ್ಜನದೇ ದನಿ.

"ಕರ್ತನೇ, ನಮ್ಮ ಮೊರೆ ಕೇಳು" ಎಂದಿತು ಸಭೆ. ಈ ಸಲ ದನಿ ಎಲ್ಲೂ ಕುಸಿಯಲಿಲ್ಲ. ಪಕ್ಕದಲ್ಲಿ ನಾದಿನಿ ಎಲ್ಲರಿಗಿಂತ ಜೋರಾಗಿ ಹೇಳಿದಳು. ಹಾಸಿಗೆಯಮ್ಮ ಹೇಳಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಇಷ್ಟು ದಿನ ಅವಳು ಹೇಳಲಾರದೆ ನಿಲ್ಲಿಸಿದ ಕಡೆಯಿಂದ ಅವರೆಲ್ಲ ಎತ್ತಿಕೊಂಡಿದ್ದರು.

ಅಯ್ಯನವರು ಮುಂದಿನದಕ್ಕೆ ಬಾಯಿ ತೆರೆದರು.

"ಅಜ್ಜನ ಮೊಣಕಾಲು" ಎಂದಳು ಅವಳು.

ನಾದಿನಿ ಮೊಣಕೈಯಿಂದ ತಿವಿದಳು. "ರೋಗದ್ದು ಆಗ್ಲೇ ಮುಗೀತು ಅತ್ತಿಗೆ."

ಅಯ್ಯನವರು ಬಾಯಿ ಮುಚ್ಚಿ ಕಾದರು. ಹಿಂದಿನ ಸಾಲಿನಿಂದ ಅಜ್ಜ ಮೆಲ್ಲಗೆ ತಿದ್ದಿದರು.

"ಎರಡೂ ಮೊಣಕಾಲು."

"ಕರ್ತನೇ, ನಮ್ಮ ಮೊರೆ ಕೇಳು" ಎಂದಿತು ಸಭೆ. ಆ ದನಿಯಲ್ಲಿ ಅವಳದೂ ಇತ್ತು.