ಸುಟ್ಟ ಹುಣಸೆ ಬೊಡ್ಡೆ

ಎಮರ್ಜೆನ್ಸಿ ಮುಗಿದ ಮರುವರ್ಷ ಹಡಗಲಿಯಲ್ಲಿ ಒಂದು ಸರ್ಕಾರಿ ಬಂಗಲೆಯ ಉಸ್ತುವಾರಿ ನನ್ನದಾಗಿತ್ತು. ತೋಟದ ನಡುವೆ ಕಡಿದ ಹುಣಸೆಮರದ ಬೊಡ್ಡೆಯೊಂದು ಉಳಿದಿತ್ತು. ತಪಾಸಣೆಗೆ ಬರಲಿದ್ದ ದೊಡ್ಡ ಸಾಹೇಬರು ಬರುವುದರೊಳಗೆ ಅದನ್ನು ಕಿತ್ತು ಗುಲಾಬಿ ಹಚ್ಚಬೇಕಿತ್ತು. ಬೊಡ್ಡೆ ಕೀಳುವುದರಲ್ಲೂ ಪಳಗಿದ್ದ ಕುಲುಮೆಯ ಖಾಸೀಂಸಾಬರನ್ನು ಕರೆಸಿದೆ. ಅವರು ಬೊಡ್ಡೆಯನ್ನು ಬೆರಳಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿದರು.

"ಕೂಲಿ ಬ್ಯಾಡ್ರಿ, ಬೊಡ್ಡಿ ನನಗ ಕೊಡ್ರಿ. ಕಬ್ಬಿಣ ಬಡಿಯೋ ಅಡೆಗಲ್ಲಿನ ಕೆಳಗ ಕೂಡ್ಸಾಕ ಇಂಥಾದ್ನ ಹುಡುಕಾಕತ್ತಿದ್ದೆ. ಆದ್ರ ಮೂರು ದಿನ ಬೇಕ್ರಿ. ಅವಸರ ಮಾಡಿದ್ರ ಸೀಳತೈತಿ."

ಒಪ್ಪಿದೆ. ಎರಡು ದಿನ ಸುತ್ತಲೂ ಅಗೆದು, ನೀರು ಬಿಟ್ಟು ಹೋದರು. ಅಷ್ಟರಲ್ಲಿ ಸಾಹೇಬರು ನಾಳೆ ಬೆಳಿಗ್ಗೆಯೇ ಬರುತ್ತಾರೆಂದು ಫೋನ್ ಬಂತು. ನಾನು ಗಾಬರಿಯಲ್ಲಿ ಸೀಮೆಎಣ್ಣೆ ಸುರಿದು ಬೊಡ್ಡೆಗೆ ಬೆಂಕಿ ಇಟ್ಟೆ.

ಮರುದಿನ ಹಗ್ಗ, ಎತ್ತು ಸಮೇತ ಬಂದ ಖಾಸೀಂಸಾಬರು ಹೊಗೆಯಾಡುವ ಇದ್ದಿಲು ನೋಡುತ್ತ ನಿಂತರು. "ಒಂದು ಮಾತು ಹೇಳಿ ಕಳಿಸಿದ್ರ ಕಂದೀಲು ಹಚ್ಗೊಂಡು ಅಗೀತಿದ್ನಲ್ರಿ" ಅಂದರು, ಅಷ್ಟೇ.

ಸಾಹೇಬರು ಬರಲೇ ಇಲ್ಲ.

ತಿಂಗಳ ಮೇಲೆ ಮೊಂಡಾದ ಗುದ್ದಲಿ ಹಣಿಸಿ ಹರಿತ ಮಾಡಿಸಲು ಅವರ ಕುಲುಮೆಗೇ ಹೋಗಬೇಕಾಯಿತು. ಬೊಡ್ಡೆಯಿಲ್ಲದೆ ಬರಿಗಲ್ಲಿನ ಮೇಲಿಟ್ಟ ಅಡೆಗಲ್ಲು ಏಟಿಗೊಮ್ಮೆ ಕುಣಿಯುತ್ತಿತ್ತು. "ಒಂಚೂರು ಹಿಡ್ಕೊಳ್ರಿ" ಅಂದರು. ಅಡೆಗಲ್ಲನ್ನು ಎರಡೂ ಕೈಯಿಂದ ಹಿಡಿದು ಕೂತೆ. ಗುದ್ದಲಿಗೆ ಬಿದ್ದ ಒಂದೊಂದು ಏಟೂ ನನ್ನ ಮೊಣಕೈತನಕ ಬಂತು.