ಜಾಗ ತಪ್ಪಿದ ಒಂದು 'ನಾಟ್'

ಗೆಳೆಯರೇ, ಇವತ್ತು ಚಿಂತಾಮಣಿಯ ನಮ್ಮ ಇಂಗ್ಲಿಷ್ ಕ್ಲಾಸಿನ ಹನ್ನೆರಡು ಮಂದಿಯನ್ನೂ ನಾನು ಒಂದೇ ವಾಕ್ಯದಲ್ಲಿ ಫೇಲು ಮಾಡಿಬಿಟ್ಟೆ. ಬೆಳಗ್ಗೆ ಬೋರ್ಡಿನ ಮೇಲೆ "ಆಲ್ ಸ್ಟೂಡೆಂಟ್ಸ್ ಹ್ಯಾವ್ ನಾಟ್ ಪಾಸ್ಡ್" ಎಂದು ಬರೆದಿದ್ದೆ. ಎಲ್ಲರೂ ಪಾಸಾಗಿಲ್ಲ, ಒಂದಿಬ್ಬರು ಉಳಿದಿದ್ದಾರೆ ಎಂಬುದು ನನ್ನ ಅರ್ಥ.

ಅದನ್ನು 'ಒಬ್ಬರೂ ಪಾಸಾಗಿಲ್ಲ' ಎಂದು ಓದಿಕೊಂಡು ಅಳುತ್ತಾ ಹೋದ ವಿದ್ಯಾರ್ಥಿನಿ ಸವಿತಾ, ಮಧ್ಯಾಹ್ನದೊಳಗೆ ಕೆಂಚಾರ್ಲಹಳ್ಳಿಯಿಂದ ತಾಯಿ ರತ್ನಮ್ಮನವರನ್ನು ಕರೆತಂದಳು.

"ಏನ್ ಮೇಷ್ಟ್ರೇ, ಒಬ್ರೂ ಪಾಸಾಗ್ಲಿಲ್ವಾ? ಹಂಗಾದ್ರೆ ಫೇಲಾಗಿರೋದು ಮಕ್ಕಳಲ್ಲಪ್ಪ, ನೀವು!"

"ಇಲ್ಲಮ್ಮ, ನಿಮ್ ಹುಡ್ಗಿ ಪಾಸು" ಎಂದು ಹೇಳಿ, ಅವರೆದುರೇ 'ನಾಟ್' ಅಳಿಸಿ ವಾಕ್ಯದ ಮೊದಲಿಗೆ ತಂದೆ: "ನಾಟ್ ಆಲ್ ಸ್ಟೂಡೆಂಟ್ಸ್ ಹ್ಯಾವ್ ಪಾಸ್ಡ್." ಸವಿತಾ ಕಣ್ಣೊರೆಸಿಕೊಂಡು ನಕ್ಕಳು. ರತ್ನಮ್ಮನವರು ನಗಲಿಲ್ಲ.

"ಅಷ್ಟಕ್ಕೆ ಇಷ್ಟು ಸುತ್ತಾಕ್ಬೇಕಾ? ಪಾಸಾದೋರ ಹೆಸರು ಬರ್ದಾಕ್ರಪ್ಪ, ಸಾಕು."

ಹತ್ತು ಹೆಸರು ಬರೆದೆ.

ಉಳಿದ ಇಬ್ಬರು ಆಗ ಎದುರಿನ ಹೋಟೆಲಿನಲ್ಲಿ ನಿಶ್ಚಿಂತೆಯಿಂದ ದೋಸೆ ತಿನ್ನುತ್ತಿದ್ದರು. "ಎಲ್ಲಾರ್ನೂ ಫೇಲ್ ಮಾಡವ್ರೆ ಕಣೋ, ನಾವಿಬ್ರೇ ಅಲ್ಲ" ಎಂದು ಒಬ್ಬ ಹೇಳುತ್ತಿದ್ದುದು ಕ್ಲಾಸಿನ ಕಿಟಕಿಯಿಂದ ನನಗೇ ಕೇಳಿಸಿತು. ನನ್ನ ತಪ್ಪು ಇಂಗ್ಲಿಷಿನಿಂದ ಇವತ್ತು ಸುಖಪಟ್ಟವರು ಅವರಿಬ್ಬರೇ.